ಬಿಚ್ಚಿ ಕಟ್ಟುವುದೇ, ಬದಲಿಸುವುದೇ? ಸವೆದ ಲಾರಿ ಎಂಜಿನ್‌ನ ಲೆಕ್ಕಾಚಾರ

ಶಿರಾಡಿ ಘಾಟಿಯ ಏರಿನಲ್ಲಿ ಹೊಗೆಯುಗುಳುತ್ತ ತೆವಳುವ ಲಾರಿಯ ಹಿಂದೆ ಸಿಕ್ಕಿಕೊಂಡ ಕಾರಿನವರು ಗಾಜು ಏರಿಸಿ ಗೊಣಗುವುದು ದಿನನಿತ್ಯದ ದೃಶ್ಯ. ಆ ಹೊಗೆಯ ಬಣ್ಣ ಯಾವುದೆಂದು ಗಮನಿಸುವವರು ಮಾತ್ರ ಕಡಿಮೆ. ಅದು ಕಪ್ಪೋ, ನೀಲಿಯೋ, ಬಿಳಿಯೋ ಎಂಬುದರ ಮೇಲೆ ಆ ಲಾರಿಯ ಮಾಲೀಕನ ಮುಂದಿನ ಎರಡು–ಮೂರು ವರ್ಷಗಳ ಸಂಸಾರ ನಿಂತಿರಬಹುದು. ನೂರಾರು ವಾಹನಗಳ ಸಾರಿಗೆ ಸಂಸ್ಥೆಗೆ ಒಂದು ಎಂಜಿನ್ ಕೈಕೊಡುವುದು ಲೆಕ್ಕಪುಸ್ತಕದ ಒಂದು ಸಾಲು. ಒಂದೇ ಲಾರಿಯನ್ನು ನಂಬಿ, ತಾನೇ ಚಾಲಕನೂ ಆಗಿ, ಸಾಲದ ಕಂತು ಕಟ್ಟುತ್ತಿರುವವನಿಗೆ ಅದು ಹಾಗಲ್ಲ. ಎಂಜಿನ್ ಬಿಚ್ಚಿ ಹೊಸದಾಗಿ ಕಟ್ಟಿಸಬೇಕೆ, ಬೇರೆ ಎಂಜಿನ್ ಕೂರಿಸಬೇಕೆ, ಅಥವಾ ಲಾರಿಯನ್ನೇ ಕೈಬಿಡಬೇಕೆ ಎಂಬ ಪ್ರಶ್ನೆಗೆ ಆತ ಉತ್ತರ ಕಂಡುಕೊಳ್ಳಬೇಕಾದದ್ದು ಸಾಮಾನ್ಯವಾಗಿ ಗ್ಯಾರೇಜಿನ ಮುಂದೆ ನಿಂತುಕೊಂಡು, ಒಂದೆರಡು ದಿನಗಳ ಒಳಗೆ.

ದುರದೃಷ್ಟವೆಂದರೆ ಈ ನಿರ್ಧಾರ ಬಹುಪಾಲು ಅಂದಾಜಿನ ಮೇಲೆಯೇ ನಡೆಯುತ್ತದೆ. ‘ಎಂಜಿನ್ ಹೋಯಿತು’ ಎಂಬ ಮಾತು ಕೇಳಿದೊಡನೆ ಕೈಕಾಲು ಬಿಡುವವರು ಒಂದೆಡೆಯಾದರೆ, ‘ಸದ್ಯಕ್ಕೆ ರಿಂಗ್ ಹಾಕಿಸಿ ಓಡಿಸೋಣ’ ಎನ್ನುವವರು ಇನ್ನೊಂದೆಡೆ. ಆದರೆ ಸವೆತವನ್ನು ಅಳೆಯಬಹುದು. ಅಳೆಯುವ ಉಪಕರಣಗಳೂ ನಮ್ಮ ಜಿಲ್ಲಾ ಕೇಂದ್ರಗಳ ಬೋರಿಂಗ್ ಅಂಗಡಿಗಳಲ್ಲಿ ಇವೆ.

ಮೊದಲು ರೋಗ ಯಾವುದೆಂದು ತಿಳಿಯಲಿ

ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚಾಗಿದೆ ಅಥವಾ ಗಾಳಿ ಕಡಿಮೆಯಾಗಿದೆ ಎಂದರ್ಥ. ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಟರ್ಬೊ ಸೋತಿರಬಹುದು, ನಾಜಲ್‌ಗಳು ಡೀಸೆಲನ್ನು ಸಿಂಪಡಿಸುವ ಬದಲು ತೊಟ್ಟಿಕ್ಕಿಸುತ್ತಿರಬಹುದು. ಇವುಗಳಲ್ಲಿ ಯಾವುದಕ್ಕೂ ಎಂಜಿನ್ ಇಳಿಸಬೇಕಾಗಿಲ್ಲ. ನೀಲಿ ಹೊಗೆ ಬಂದರೆ ಉರಿಯುತ್ತಿರುವುದು ಎಂಜಿನ್ ಆಯಿಲ್. ಪಿಸ್ಟನ್ ರಿಂಗ್ ಮತ್ತು ಲೈನರ್ ಸವೆದಿರುವ ಸಾಧ್ಯತೆ ಇಲ್ಲಿ ಹೆಚ್ಚು. ಆದಾಗ್ಯೂ ವಾಲ್ವ್ ಗೈಡ್ ಸಡಿಲವಾದರೂ, ಟರ್ಬೊ ಸೀಲ್ ಸೋರಿದರೂ ಹೊಗೆಯ ಬಣ್ಣ ಇದೇ. ಬೆಳಗಿನ ಚಳಿಯಲ್ಲಿ ಸ್ವಲ್ಪ ಹೊತ್ತು ಬಿಳಿ ಹೊಗೆ ಬಂದು ನಿಂತರೆ ಗಾಬರಿಪಡಬೇಕಾಗಿಲ್ಲ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರು ಇಳಿಯುತ್ತ, ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಥವಾ ಹೆಡ್ಡೋ ಬ್ಲಾಕೋ ಬಿರುಕು ಬಿಟ್ಟಿದೆ ಎಂದು ಅನುಮಾನಿಸಬೇಕು.

ಮೇಸ್ತ್ರಿಗಳ ಭಾಷೆಯಲ್ಲಿ ‘ಬ್ಯಾಕ್ ಕಂಪ್ರೆಷನ್’ ಎಂಬ ಮಾತೊಂದಿದೆ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆರೆದರೆ ಅಲ್ಲಿಂದ ರಭಸವಾಗಿ ಗಾಳಿ ಮತ್ತು ಹೊಗೆ ಹೊರಬರುವುದಕ್ಕೆ ಈ ಹೆಸರು. ಪಿಸ್ಟನ್ ಮೇಲೆ ಇರಬೇಕಾದ ಒತ್ತಡ ರಿಂಗ್‌ಗಳ ಸಂದಿನಿಂದ ಕೆಳಗಿಳಿದು ಆಯಿಲ್ ಚೇಂಬರ್ ಸೇರುತ್ತಿದೆ ಎಂಬುದರ ಲಕ್ಷಣವಿದು. ಒಳ್ಳೆಯ ಎಂಜಿನ್‌ನಲ್ಲೂ ಅಷ್ಟಿಷ್ಟು ಇದ್ದೇ ಇರುತ್ತದೆ. ಆದ್ದರಿಂದ ಇದೊಂದನ್ನೇ ನಂಬಿ ತೀರ್ಪು ಕೊಡುವುದು ಸರಿಯಲ್ಲ. ಪ್ರತಿ ಸಿಲಿಂಡರ್‌ನ ಕಂಪ್ರೆಷನ್ ಅಳೆಯಬೇಕು. ಅಲ್ಲಿ ನೋಡಬೇಕಾದದ್ದು ಕೇವಲ ಒಟ್ಟು ಒತ್ತಡವನ್ನಲ್ಲ, ಸಿಲಿಂಡರ್‌ಗಳ ನಡುವಣ ಅಂತರವನ್ನು. ಆರರಲ್ಲಿ ಐದು ಸಮನಾಗಿದ್ದು ಒಂದು ಮಾತ್ರ ಕುಸಿದಿದ್ದರೆ ಅದು ಒಂದು ವಾಲ್ವ್ ಅಥವಾ ಒಂದು ಪಿಸ್ಟನ್‌ನ ಕಥೆ. ಆರೂ ಒಟ್ಟಾಗಿ ಇಳಿದಿದ್ದರೆ ಇಡೀ ಎಂಜಿನ್‌ಗೆ ವಯಸ್ಸಾಗಿದೆ.

ಹಳೆಯ ಮಾದರಿಯ ಪಂಪ್ ಇರುವ ಲಾರಿಗಳಲ್ಲಿ ಮೇಸ್ತ್ರಿ ಎಂಜಿನ್ ಚಾಲೂ ಇಟ್ಟು ಒಂದೊಂದೇ ನಾಜಲ್ ಪೈಪಿನ ನಟ್ ಸಡಿಲಿಸಿ, ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲವೆಂದು ಕಿವಿಯಿಂದಲೇ ಹೇಳಬಲ್ಲ. ಈ ವಿದ್ಯೆಯನ್ನು ಹೊಸ ಕಾಮನ್ ರೈಲ್ ಎಂಜಿನ್‌ಗಳ ಮೇಲೆ ಪ್ರಯೋಗಿಸಕೂಡದು. ಅಲ್ಲಿ ಪೈಪಿನೊಳಗಣ ಒತ್ತಡ ಸಾವಿರ ಬಾರ್ ಮೀರುತ್ತದೆ. ಸೂಜಿಯಂತೆ ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳಹೊಕ್ಕು ಕೈಯನ್ನೇ ಕಳೆಯಬಲ್ಲದು.

ಆಯಿಲ್ ಪ್ರೆಷರ್ ಬೀಳುವುದು ಇನ್ನೊಂದು ಎಚ್ಚರಿಕೆ. ಕ್ರ್ಯಾಂಕ್ ಬೇರಿಂಗ್‌ಗಳು ಸವೆದಾಗ ಹೀಗಾಗುತ್ತದೆ ಎಂಬುದು ನಿಜ. ಆದರೆ ಡ್ಯಾಶ್‌ಬೋರ್ಡಿನ ಮುಳ್ಳು ಸುಳ್ಳು ಹೇಳಿದ ಉದಾಹರಣೆಗಳೂ ಬೇಕಾದಷ್ಟಿವೆ. ಬೇರೊಂದು ಗೇಜ್ ಜೋಡಿಸಿ ನೋಡಿದರೆ ಕೆಲವೇ ನಿಮಿಷಗಳಲ್ಲಿ ಸತ್ಯ ತಿಳಿಯುತ್ತದೆ. ಬಳಸಿದ ಆಯಿಲ್ ಫಿಲ್ಟರನ್ನು ಕತ್ತರಿಸಿ ಕಾಗದದ ಮಡಿಕೆಗಳನ್ನು ಬಿಸಿಲಿಗೆ ಹಿಡಿದು ನೋಡುವುದೂ ಖರ್ಚಿಲ್ಲದ ಪರೀಕ್ಷೆಯೇ. ತಾಮ್ರದ ಬಣ್ಣದ ಹೊಳಪಿನ ಕಣಗಳು ಕಂಡರೆ ಬೇರಿಂಗ್ ಮೇಲ್ಪದರ ಕಳೆದು ಒಳಪದರಕ್ಕೆ ಬಂದಿದೆ ಎಂದು ತಿಳಿಯಬೇಕು. ಪ್ರಯೋಗಾಲಯಕ್ಕೆ ಆಯಿಲ್ ಮಾದರಿ ಕಳುಹಿಸಿದರಂತೂ ಕಬ್ಬಿಣದ ಅಂಶ ಲೈನರ್ ಮತ್ತು ರಿಂಗ್‌ಗಳ ಕಡೆಗೂ, ಸೀಸ–ತಾಮ್ರ ಬೇರಿಂಗ್ ಕಡೆಗೂ, ಸಿಲಿಕಾನ್ ಹೊರಗಿನ ಧೂಳಿನ ಕಡೆಗೂ ಬೆರಳು ತೋರಿಸುತ್ತವೆ.

ಈ ಹಂತದಲ್ಲಿಯೇ ಹಲವು ಲಾರಿಗಳು ಉಳಿದುಕೊಳ್ಳುತ್ತವೆ. ಪಿಕಪ್ ಇಲ್ಲ, ಮೈಲೇಜ್ ಇಲ್ಲ ಎಂದು ಎಂಜಿನ್ ಬಿಚ್ಚಲು ಹೊರಟವರಿಗೆ ಕೊನೆಗೆ ತಿಳಿಯುವುದು ಪಂಪ್ ಮತ್ತು ನಾಜಲ್ ಸರಿಯಿರಲಿಲ್ಲವೆಂದು. ಡೀಸೆಲ್ ಪಂಪ್‌ಗೆ ನಮ್ಮ ಕಡೆ ಇಂದಿಗೂ ‘ಮೈಕೊ ಪಂಪ್’ ಎನ್ನುವವರಿದ್ದಾರೆ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಕಟ್ಟಿದ ಮೈಕೊ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ, ಗ್ಯಾರೇಜುಗಳ ಬಾಯಲ್ಲಿ ಹಳೆಯ ಹೆಸರೇ ಉಳಿಯಿತು.

ಎಂಜಿನ್ ಸವೆಯುವುದೇಕೆ?

ಲೈನರ್ ಎಲ್ಲ ಕಡೆಯೂ ಒಂದೇ ಸಮನೆ ಸವೆಯುವುದಿಲ್ಲ. ಪಿಸ್ಟನ್ ಮೇಲೇರಿ ಹಿಂದಿರುಗುವ ಜಾಗದಲ್ಲಿ, ಅಂದರೆ ಮೇಲಿನ ರಿಂಗ್ ನಿಂತು ತಿರುಗುವ ರೇಖೆಯಲ್ಲಿ, ಸವೆತ ಅತಿ ಹೆಚ್ಚು. ಬೆಂಕಿ, ಒತ್ತಡ ಎರಡೂ ಅಲ್ಲಿ ಗರಿಷ್ಠ. ಆಯಿಲ್ ಪದರ ಮಾತ್ರ ಅತಿ ತೆಳು. ಹೀಗಾಗಿ ಹಳೆಯ ಸಿಲಿಂಡರ್ ಮೇಲೆ ಅಗಲವಾಗಿ ಕೆಳಗೆ ಕಿರಿದಾಗುತ್ತದೆ, ಜತೆಗೆ ದುಂಡಗಿನ ಆಕಾರವನ್ನೂ ಕಳೆದುಕೊಂಡು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಈ ವ್ಯತ್ಯಾಸ ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲಿನಷ್ಟೇ ಇರಬಹುದು, ಬರಿಗಣ್ಣಿಗೆ ಕಾಣುವುದಿಲ್ಲ. ಬೋರ್ ಗೇಜ್ ಮಾತ್ರ ಇದನ್ನು ಹೇಳಬಲ್ಲದು.

ಸವೆತಕ್ಕೆ ಮುಖ್ಯ ವೈರಿ ಧೂಳು. 2000ದ ದಶಕದಲ್ಲಿ ಬಳ್ಳಾರಿ, ಸಂಡೂರು, ಹೊಸಪೇಟೆ ಭಾಗದಲ್ಲಿ ಅದಿರು ಹೊತ್ತ ಲಾರಿಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಂಪು ಧೂಳಿನ ಮೋಡದಲ್ಲೇ ಹಗಲಿರುಳು ಓಡಿದ ಆ ವಾಹನಗಳಲ್ಲಿ ಏರ್ ಫಿಲ್ಟರ್‌ನ ಒಂದು ಕ್ಲಿಪ್ ಸಡಿಲವಾಗಿದ್ದರೂ ಸಾಕು, ಎಂಜಿನ್ ಉಸಿರಾಡುತ್ತಿದ್ದುದು ಉಪ್ಪುಕಾಗದದ ಪುಡಿಯನ್ನು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆಗೆ ತಡೆ ನೀಡಿದಾಗ ಲಾರಿಗಳ ಸಾಲುಸಾಲು ಕೆಲಸವಿಲ್ಲದೆ ನಿಂತವು. ಅಂತಹ ಹಿನ್ನೆಲೆಯ ಲಾರಿಯನ್ನು ಕೊಳ್ಳುವವರು ಮೀಟರ್ ನೋಡುವುದಕ್ಕಿಂತ ಬೋರ್ ನೋಡುವುದು ಲೇಸು.

ಎರಡನೆಯ ವೈರಿ ನೀರು. ಕೂಲೆಂಟ್ ದುಬಾರಿಯೆಂದು ದಾರಿಯಲ್ಲಿ ಸಿಕ್ಕ ಬೋರ್‌ವೆಲ್ ನೀರನ್ನೇ ರೇಡಿಯೇಟರಿಗೆ ಸುರಿಯುವ ರೂಢಿ ನಮ್ಮಲ್ಲಿದೆ. ಗಡಸು ನೀರಿನ ಸುಣ್ಣ ಒಳಗೆ ಪದರಗಟ್ಟಿ ಶಾಖ ಹೊರಹೋಗದಂತೆ ತಡೆಯುತ್ತದೆ. ಲೈನರ್‌ನ ಹೊರಮೈಗೆ ನೀರು ನೇರವಾಗಿ ತಗಲುವ ಎಂಜಿನ್‌ಗಳಲ್ಲಂತೂ ಲೈನರ್ ಅದುರಿದಾಗ ಹುಟ್ಟುವ ಸಣ್ಣ ಗುಳ್ಳೆಗಳು ಒಡೆದು ಲೋಹದಲ್ಲಿ ಗುಂಡಿ ಕೊರೆಯುತ್ತವೆ. ಕೊನೆಗೊಂದು ದಿನ ಗುಂಡಿ ತೂತಾಗಿ ನೀರು ಆಯಿಲ್‌ಗೆ ಬೆರೆಯುತ್ತದೆ. ಎಂಜಿನ್ ಕೆಟ್ಟ ಕಾರಣವನ್ನು ಕಂಡುಹಿಡಿಯದೆ ಹೊಸ ಎಂಜಿನ್ ಕೂರಿಸಿದರೆ ಅದೇ ಕಾರಣ ಅದನ್ನೂ ತಿನ್ನುತ್ತದೆ. ಕಟ್ಟಿಕೊಂಡ ರೇಡಿಯೇಟರನ್ನು ಹಾಗೆಯೇ ಬಿಟ್ಟು ಲಕ್ಷಗಟ್ಟಲೆ ಹಣವನ್ನು ಎಂಜಿನ್‌ಗೆ ಸುರಿದು ಆರು ತಿಂಗಳಲ್ಲಿ ಮತ್ತೆ ಅದೇ ಗ್ಯಾರೇಜಿಗೆ ಬಂದವರು ಪ್ರತಿ ಊರಿನಲ್ಲೂ ಇದ್ದಾರೆ.

ಬ್ಲಾಕ್ ಹೇಳುವ ತೀರ್ಪು

ಬಿಚ್ಚಿದ ಮೇಲೆ ದುರಸ್ತಿ ಸಾಧ್ಯವೇ ಎಂಬುದನ್ನು ನಿರ್ಧರಿಸುವುದು ಮುಖ್ಯವಾಗಿ ಎರಡು ಭಾಗಗಳು: ಬ್ಲಾಕ್ ಮತ್ತು ಕ್ರ್ಯಾಂಕ್. ಉಳಿದವೆಲ್ಲ ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳು.

ಲೈನರ್ ಇರುವ ಎಂಜಿನ್ ಆದರೆ ಹಳೆಯ ಲೈನರ್ ಕಿತ್ತು ಹೊಸದನ್ನು ಕೂರಿಸಿ, ಹೊಸ ಪಿಸ್ಟನ್–ರಿಂಗ್ ಹಾಕಬಹುದು. ಎಲ್ಲ ಎಂಜಿನ್‌ಗಳಲ್ಲಿ ಲೈನರ್ ಇರುವುದಿಲ್ಲ. ನಮ್ಮ ರಸ್ತೆಗಳಲ್ಲಿ ಬಹಳ ಪರಿಚಿತವಾದ ಕಮಿನ್ಸ್ 5.9 ಲೀಟರ್ ಎಂಜಿನ್‌ನ 102 ಮಿ.ಮೀ. ಸಿಲಿಂಡರ್‌ಗಳನ್ನು ಬ್ಲಾಕಿನಲ್ಲಿಯೇ ನೇರವಾಗಿ ಕೊರೆಯಲಾಗಿದೆ. ಅದು ಸವೆದರೆ ಯಂತ್ರಕ್ಕೆ ಕೊಟ್ಟು 0.5 ಮಿ.ಮೀ., ಅದೂ ಮುಗಿದರೆ 1 ಮಿ.ಮೀ. ಹೆಚ್ಚು ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಬೇಕು. ಆಮೇಲೂ ಸವೆದರೆ ಸ್ಲೀವ್ ಹಾಕಿಸುವ ದಾರಿಯುಂಟು, ಆದರೆ ಅದಕ್ಕೆ ನುರಿತ ಕೈ ಬೇಕು. ಹಾಗಾಗಿ ಲಾರಿಯ ಹಿಂದಿನ ಮಾಲೀಕ ಎಷ್ಟು ಸಲ ಬೋರ್ ಮಾಡಿಸಿದ್ದ ಎಂಬುದು ಜಾತಕದಷ್ಟೇ ಮುಖ್ಯವಾದ ಮಾಹಿತಿ.

ಕ್ರ್ಯಾಂಕ್‌ನ ಕಥೆಯೂ ಇದೇ. ಅದರ ಜರ್ನಲ್‌ಗಳನ್ನು ಸಾಮಾನ್ಯವಾಗಿ 0.25 ಮಿ.ಮೀ. ಹಂತಗಳಲ್ಲಿ ಗ್ರೈಂಡ್ ಮಾಡಿ ಅದಕ್ಕೆ ತಕ್ಕ ದಪ್ಪನೆಯ ಬೇರಿಂಗ್ ಹಾಕುತ್ತಾರೆ. ಕೊನೆಯ ಹಂತ ದಾಟಿದ ಕ್ರ್ಯಾಂಕ್ ಗುಜರಿಗೇ ಸರಿ. ಗ್ರೈಂಡ್ ಮಾಡುವ ಮುನ್ನ ಬಿರುಕು ಪರೀಕ್ಷೆ ಮಾಡಿಸಬೇಕು. ಬಿರುಕುಬಿಟ್ಟ ಕ್ರ್ಯಾಂಕನ್ನು ಹೊಳಪು ಕೊಟ್ಟು ಕೂರಿಸಿದರೆ ಅದು ಮುರಿಯುವುದು ಭಾರ ಹೊತ್ತು ಏರು ಹತ್ತುವಾಗಲೇ.

ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕಿನ ಗೋಡೆ ಒಡೆದಿದ್ದರೆ, ಮೇನ್ ಬೇರಿಂಗ್ ತಿರುಗಿ ಅದರ ಪೀಠವೇ ಹಾಳಾಗಿದ್ದರೆ, ಅಥವಾ ಅತಿಯಾಗಿ ಕಾದು ಬ್ಲಾಕ್ ಸಿಲಿಂಡರ್‌ಗಳ ನಡುವೆ ಬಿರುಕು ಬಿಟ್ಟಿದ್ದರೆ ಬದಲಿಸುವುದೇ ಮಾರ್ಗ. ವೆಲ್ಡಿಂಗ್ ಮಾಡಿಸಿ ‘ಏನೂ ಆಗುವುದಿಲ್ಲ’ ಎನ್ನುವವರ ಮಾತಿಗೆ ಕಿವಿಗೊಡದಿರುವುದು ಒಳ್ಳೆಯದು. ಎರಕದ ಕಬ್ಬಿಣದ ಬೆಸುಗೆ ಕೈಹಿಡಿದರೆ ಪುಣ್ಯ, ಬಿಟ್ಟರೆ ನಡುದಾರಿ.

ಬಾಳಿಕೆ ಯಾರದು?

ಈಗ ಹಣದ ಮಾತಿಗೆ ಬರೋಣ. ಬೆಲೆಗಳು ಊರಿನಿಂದ ಊರಿಗೆ, ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ ಲೆಕ್ಕದ ಅನುಕೂಲಕ್ಕಾಗಿ ಕೆಲವು ಸಂಖ್ಯೆಗಳನ್ನು ಊಹಿಸಿಕೊಳ್ಳೋಣ. ಪೂರ್ತಿ ಎಂಜಿನ್ ಕೆಲಸಕ್ಕೆ 3 ಲಕ್ಷ ರೂಪಾಯಿ ತಗುಲಿ ಅದು 3 ಲಕ್ಷ ಕಿ.ಮೀ. ಬಾಳುತ್ತದೆ, ಕಂಪನಿಯ ನವೀಕೃತ ಎಂಜಿನ್‌ಗೆ 5 ಲಕ್ಷ ತಗುಲಿ ಅದು 5 ಲಕ್ಷ ಕಿ.ಮೀ. ಬಾಳುತ್ತದೆ, ಬರೀ ರಿಂಗ್–ಬೇರಿಂಗ್ ಕೆಲಸ 80 ಸಾವಿರಕ್ಕೆ ಮುಗಿದು 40 ಸಾವಿರ ಕಿ.ಮೀ. ಓಡುತ್ತದೆ. ಮೊದಲೆರಡಕ್ಕೂ ಕಿಲೋಮೀಟರಿಗೆ 1 ರೂಪಾಯಿ, ಮೂರನೆಯದಕ್ಕೆ 2 ರೂಪಾಯಿ. ಅಗ್ಗವೆಂದು ಕಂಡದ್ದೇ ದುಬಾರಿ!

ಆದರೆ ಲೆಕ್ಕ ಇಲ್ಲಿಗೆ ನಿಲ್ಲುವುದಿಲ್ಲ. ಲಾರಿಗೆ ಹದಿಮೂರು ವರ್ಷವಾಗಿದೆ, ಚಾಸಿ ತುಕ್ಕು ಹಿಡಿದಿದೆ, ಗೇರ್‌ಬಾಕ್ಸ್ ಗೊರಗುಡುತ್ತಿದೆ, ಮಾಲೀಕ ಅದನ್ನು ಇನ್ನೆರಡೇ ವರ್ಷ ಇಟ್ಟುಕೊಳ್ಳಬಲ್ಲ ಎಂದಿಟ್ಟುಕೊಳ್ಳಿ. ವರ್ಷಕ್ಕೆ 60 ಸಾವಿರದಂತೆ ಅದು ಓಡುವುದು 1.2 ಲಕ್ಷ ಕಿ.ಮೀ. ಮಾತ್ರ. ಆಗ 3 ಲಕ್ಷದ ಕೆಲಸ ಕಿಲೋಮೀಟರಿಗೆ ಎರಡೂವರೆ ರೂಪಾಯಿ ಬೀಳುತ್ತದೆ, 5 ಲಕ್ಷದ ಎಂಜಿನ್ ನಾಲ್ಕು ರೂಪಾಯಿ ದಾಟುತ್ತದೆ. ಹೀಗೆ ಲೆಕ್ಕವನ್ನು ನಿರ್ಧರಿಸುವುದು ಎಂಜಿನ್‌ನ ಬಾಳಿಕೆಯಲ್ಲ, ಲಾರಿಯ ಉಳಿದ ಆಯುಷ್ಯ. ಗ್ಯಾರೇಜಿನವರು ಈ ಮಾತನ್ನು ಎತ್ತುವುದು ವಿರಳ, ಎತ್ತಬೇಕಾದ ಅಗತ್ಯವೂ ಅವರಿಗಿಲ್ಲ.

ಇದಕ್ಕೆ ಡೀಸೆಲ್ ಲೆಕ್ಕವನ್ನೂ ಸೇರಿಸಬೇಕು. ಲೀಟರಿಗೆ ನಾಲ್ಕೂವರೆ ಕಿ.ಮೀ. ಕೊಡುತ್ತಿದ್ದ ಲಾರಿ ನಾಲ್ಕಕ್ಕೆ ಇಳಿದರೆ ಮೇಲ್ನೋಟಕ್ಕೆ ಅದು ಅಲ್ಪ. ಆದರೆ ವರ್ಷಕ್ಕೆ 60 ಸಾವಿರ ಕಿ.ಮೀ.ಗೆ 13,333 ಲೀಟರ್ ಬದಲು 15,000 ಲೀಟರ್ ಬೇಕಾಗುತ್ತದೆ. ಲೀಟರಿಗೆ 90 ರೂಪಾಯಿಯಂತೆ ಹಿಡಿದರೂ ವ್ಯತ್ಯಾಸ ಒಂದೂವರೆ ಲಕ್ಷ. ನಿರ್ಧಾರವನ್ನು ಮುಂದೂಡುತ್ತ ಹೋಗುವ ಮಾಲೀಕ ಎಂಜಿನ್ ಕೆಲಸದ ಅರ್ಧ ಹಣವನ್ನು ವರ್ಷದೊಳಗೆ ಹೊಗೆಯ ರೂಪದಲ್ಲಿ ತೆತ್ತಿರುತ್ತಾನೆ. ಅದು ಉಳಿದ ನಮ್ಮೆಲ್ಲರ ಶ್ವಾಸಕೋಶಕ್ಕೆ ಸೇರಿರುತ್ತದೆ ಎಂಬುದು ಬೇರೆ ಮಾತು.

ಲಾರಿ ನಿಂತ ದಿನಗಳನ್ನು ಯಾರೂ ಬಿಲ್ಲಿನಲ್ಲಿ ಬರೆಯುವುದಿಲ್ಲ. ಬೋರಿಂಗ್, ಗ್ರೈಂಡಿಂಗ್, ಬಿಡಿಭಾಗ ಎಂದು ಹದಿನೈದು ದಿನ ಹಿಡಿದರೆ ಆ ಅವಧಿಯಲ್ಲೂ ಕಂತು, ವಿಮೆ, ಮನೆಖರ್ಚು ನಡೆಯಲೇಬೇಕು. ನವೀಕೃತ ಎಂಜಿನ್‌ಗೆ ಹೆಚ್ಚು ಹಣ ಕೊಡುವುದರ ಸಮರ್ಥನೆ ಬಹುತೇಕ ಇಲ್ಲಿದೆ. ಹಳೆಯ ಎಂಜಿನ್ ಒಪ್ಪಿಸಿ, ಕಂಪನಿಯಲ್ಲಿ ಮರುತಯಾರಾದ ಎಂಜಿನ್ ಪಡೆಯುವ ವ್ಯವಸ್ಥೆ ಟಾಟಾ ಮೋಟರ್ಸ್‌ನ ಪ್ರೊಲೈಫ್ ಹೆಸರಿನಲ್ಲಿದೆ. ಕಮಿನ್ಸ್ ಕಂಪನಿಯೂ ಮರುತಯಾರಿಯ ಎಂಜಿನ್ ಮಾರುತ್ತದೆ. ಅಳತೆಗಳ ಭರವಸೆ, ಬಿಲ್ಲು, ವಾರಂಟಿ ಇವು ಅದರ ಲಾಭ. ಆದರೆ ಕೊಡುವ ಹಳೆಯ ಎಂಜಿನ್‌ನ ಬ್ಲಾಕ್ ಒಡೆದಿದ್ದರೆ ವಿನಿಮಯದ ಬೆಲೆ ಕುಸಿಯುತ್ತದೆಂಬುದನ್ನು ಮೊದಲೇ ಕೇಳಿ ತಿಳಿದಿರಬೇಕು.

ರಿಂಗ್ ಕೆಲಸದ ಬಗ್ಗೆ ಇನ್ನೊಂದು ಮಾತು. ಮೇಲೆ ಅಗಲ, ಕೆಳಗೆ ಕಿರಿದಾದ ಬೋರಿನಲ್ಲಿ ಹೊಸ ರಿಂಗ್ ಪ್ರತಿ ಸುತ್ತಿನಲ್ಲೂ ಹಿಗ್ಗಿ ಕುಗ್ಗಬೇಕಾಗುತ್ತದೆ; ಅದು ಗೋಡೆಗೆ ಎಂದೂ ಸರಿಯಾಗಿ ಕೂರುವುದಿಲ್ಲ, ಕೆಲವೊಮ್ಮೆ ಮುರಿದೇ ಹೋಗುತ್ತದೆ. ಬೋರ್ ಅಳತೆ ಮಿತಿಯೊಳಗಿದೆ ಎಂದು ಗೇಜ್ ಹೇಳಿದರೆ ಮಾತ್ರ ಈ ಕೆಲಸಕ್ಕೆ ಅರ್ಥವಿದೆ. ಅಥವಾ ಲಾರಿಯನ್ನು ಕೆಲವೇ ತಿಂಗಳು ಓಡಿಸಿ ಬಿಡುವುದು ಖಚಿತವಿರಬೇಕು.

ಹಳೆಯ ಎಂಜಿನ್ ಮತ್ತು ಕಾಗದಪತ್ರ

ಅಪಘಾತದಲ್ಲಿ ಜಖಂಗೊಂಡ ಅಥವಾ ಗುಜರಿಗೆ ಬಂದ ಲಾರಿಯ ಎಂಜಿನ್ ಅಗ್ಗಕ್ಕೆ ಸಿಗುತ್ತದೆಂದು ಹಾರಿಬೀಳುವವರು ಎರಡು ಸಂಗತಿ ನೆನಪಿಡಬೇಕು. ಮೊದಲನೆಯದು, ಅದರ ಒಳಗಿನ ಸ್ಥಿತಿ ಯಾರಿಗೂ ಗೊತ್ತಿಲ್ಲ. ದಪ್ಪನೆಯ ಆಯಿಲ್ ತುಂಬಿಸಿ ಒಂದು ಗಂಟೆ ಸದ್ದಿಲ್ಲದೆ ಓಡಿಸಿ ತೋರಿಸುವುದು ಕಷ್ಟದ ಕೆಲಸವೇನಲ್ಲ. ಎರಡನೆಯದು ಅದರ ಮೇಲೆ ಕೊರೆದಿರುವ ಸಂಖ್ಯೆ. ನೋಂದಣಿ ಪತ್ರದಲ್ಲಿ ಚಾಸಿ ಸಂಖ್ಯೆಯಷ್ಟೇ ಎಂಜಿನ್ ಸಂಖ್ಯೆಯೂ ಮುಖ್ಯ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಎಂಜಿನ್ ಬದಲಾವಣೆಯನ್ನು ಆರ್‌ಟಿಒ ಕಚೇರಿಯ ಗಮನಕ್ಕೆ ತಂದು ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳಬೇಕೆಂದು ಹೇಳುತ್ತದೆ. ಖರೀದಿಯ ಬಿಲ್ಲು ಇಲ್ಲದ ಎಂಜಿನ್ ಕಳವಿನದಾಗಿದ್ದರೆ ಲಾರಿಯೊಂದಿಗೆ ಮಾಲೀಕನೂ ಠಾಣೆಯ ಮೆಟ್ಟಿಲು ಹತ್ತಬೇಕಾದೀತು. ಸಂಖ್ಯೆ ತಾಳೆಯಾಗದಿದ್ದರೆ ಎಫ್‌ಸಿ ವೇಳೆ ತೊಡಕು, ಅಪಘಾತವಾದರೆ ವಿಮೆಯಲ್ಲಿ ತಕರಾರು. ಅಂದಹಾಗೆ, ಸವೆತದಿಂದ ಕೆಟ್ಟ ಎಂಜಿನ್‌ಗೆ ಸಾಮಾನ್ಯ ವಾಹನ ವಿಮೆಯಲ್ಲಿ ಪರಿಹಾರವಿಲ್ಲ.

ಹೊಗೆ ನಿಯಮದ ಕಟ್ಟಳೆಯೂ ಇದೆ. 2017ರ ಏಪ್ರಿಲ್‌ನಿಂದ ದೇಶಾದ್ಯಂತ ಬಿಎಸ್–4, 2020ರ ಏಪ್ರಿಲ್‌ನಿಂದ ಬಿಎಸ್–6 ಮಾನದಂಡ ಜಾರಿಗೆ ಬಂದಿವೆ. ಬಿಎಸ್–6 ಲಾರಿಯಲ್ಲಿ ಎಂಜಿನ್ ಒಂಟಿ ಯಂತ್ರವಲ್ಲ. ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಯೂರಿಯಾ ದ್ರಾವಣ ಸಿಂಪಡಿಸುವ ವ್ಯವಸ್ಥೆ, ಹತ್ತಾರು ಸೆನ್ಸರ್, ಇವೆಲ್ಲವನ್ನೂ ಆಳುವ ಕಂಪ್ಯೂಟರ್ ಅದಕ್ಕೆ ಬೆಸೆದುಕೊಂಡಿವೆ. ಅಲ್ಲಿ ಹಳೆಯ ಎಂಜಿನ್ ತಂದು ಕೂರಿಸುವ ಮಾತೇ ಇಲ್ಲ. ಆಯಿಲ್ ಸುಡುವ ಎಂಜಿನ್ ಆ ಫಿಲ್ಟರನ್ನೂ ಬೂದಿಯಿಂದ ಕಟ್ಟಿಸಿ ಎರಡನೆಯ ದೊಡ್ಡ ಖರ್ಚನ್ನು ತಂದಿಡುತ್ತದಾದ್ದರಿಂದ, ಹೊಸ ಲಾರಿಗಳಲ್ಲಿ ರಿಪೇರಿಯನ್ನು ಮುಂದೂಡುವುದು ಹಿಂದಿಗಿಂತ ಹೆಚ್ಚು ದುಬಾರಿ.

ಲಾರಿಯನ್ನೇ ಬಿಡುವುದಾದರೆ

ದೆಹಲಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳ ಓಡಾಟವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಆದೇಶ ಕರ್ನಾಟಕಕ್ಕೆ ಅನ್ವಯಿಸುವುದಿಲ್ಲವಾದರೂ ಉತ್ತರಕ್ಕೆ ಸರಕು ಸಾಗಿಸುವ ಇಲ್ಲಿನ ಲಾರಿಗಳಿಗೆ ಅದರ ಬಿಸಿ ತಟ್ಟಿತು. ನಮ್ಮಲ್ಲಿ ನಿರ್ಣಾಯಕವಾದದ್ದು ಎಫ್‌ಸಿ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಅದನ್ನು ಪ್ರತಿವರ್ಷ ಪಡೆಯಬೇಕು. 15 ವರ್ಷ ದಾಟಿದವುಗಳ ಶುಲ್ಕವನ್ನು ಕೇಂದ್ರ ಸರ್ಕಾರ 2022ರಿಂದ ಹಲವು ಪಟ್ಟು ಏರಿಸಿತು. ನೋಂದಾಯಿತ ಗುಜರಿ ಕೇಂದ್ರಕ್ಕೆ ಲಾರಿ ಒಪ್ಪಿಸಿದವರಿಗೆ ದೊರೆಯುವ ಪ್ರಮಾಣಪತ್ರದ ಮೇಲೆ ಹೊಸ ಸರಕು ವಾಹನದ ರಸ್ತೆ ತೆರಿಗೆಯಲ್ಲಿ ಶೇ 15ರವರೆಗೆ ರಿಯಾಯಿತಿ ನೀಡಲು ಕೇಂದ್ರದ ನಿಯಮ ಅವಕಾಶ ಕಲ್ಪಿಸಿದೆ. 2025ರ ಸೆಪ್ಟೆಂಬರ್ 22ರಿಂದ ಸರಕು ಲಾರಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿರುವುದೂ ತಕ್ಕಡಿಯನ್ನು ಹೊಸ ಲಾರಿಯ ಕಡೆಗೆ ಸ್ವಲ್ಪ ಬಾಗಿಸಿದೆ.

ಹಾಗೆಂದು ಎಲ್ಲರೂ ಹೊಸ ಲಾರಿ ಕೊಳ್ಳಬಲ್ಲರೇ? ಸಾಲ ತೀರಿದ, ಚಾಸಿ ಗಟ್ಟಿಯಿರುವ, ಮೆಕ್ಯಾನಿಕಲ್ ಪಂಪಿನ ಲಾರಿ ಸುತ್ತಮುತ್ತಲ ಊರುಗಳಿಗೆ ಜಲ್ಲಿ, ಇಟ್ಟಿಗೆ, ದವಸ ಸಾಗಿಸುತ್ತಿದ್ದರೆ ಅದರ ಎಂಜಿನ್ ಬಿಚ್ಚಿ ಕಟ್ಟಿಸುವುದೇ ಜಾಣತನ. ದಿನಕ್ಕೆ ಐನೂರು ಕಿಲೋಮೀಟರ್ ಓಡಿ ಹೊತ್ತಿಗೆ ಸರಿಯಾಗಿ ಸರಕು ಮುಟ್ಟಿಸಬೇಕಾದ ಲಾರಿಗೆ ವಾರಂಟಿಯ ಎಂಜಿನ್ ಬೇಕು. ಎಂಜಿನ್ ಜತೆಗೆ ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಎರಡೂ ಕೈಯೆತ್ತಿರುವ ಲಾರಿಯನ್ನು ಇನ್ನೂ ಓಡುತ್ತಿರುವಾಗಲೇ ಮಾರುವುದು ಮೇಲು. ನಿಂತ ಲಾರಿಗೆ ಗುಜರಿಯವನು ಕೊಡುವುದು ಕಬ್ಬಿಣದ ಬೆಲೆ.

ಕಟ್ಟಿಸುವುದೆಂದು ತೀರ್ಮಾನಿಸಿದವರು ಕಿತ್ತ ಹಳೆಯ ಭಾಗಗಳನ್ನೆಲ್ಲ ಕೇಳಿ ಪಡೆಯಬೇಕು, ಹೊಸ ಭಾಗಗಳ ಡಬ್ಬಿ ತಮ್ಮೆದುರಿಗೇ ಒಡೆಯುವಂತೆ ನೋಡಿಕೊಳ್ಳಬೇಕು, ಬೋರ್ ಮತ್ತು ಜರ್ನಲ್‌ಗಳ ಅಳತೆಯನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು. ಎಂಜಿನ್ ಕೂರಿಸಿದ ದಿನವೇ ಗಂಟೆಗಟ್ಟಲೆ ಸುಮ್ಮನೆ ಚಾಲೂ ಇಟ್ಟು ‘ಹದ ಮಾಡುವ’ ಹಳೆಯ ಪದ್ಧತಿ ತಪ್ಪು. ಭಾರವಿಲ್ಲದೆ ಓಡಿದ ಎಂಜಿನ್‌ನಲ್ಲಿ ರಿಂಗ್ ಗೋಡೆಗೆ ಕೂರುವ ಮೊದಲೇ ಲೈನರ್ ಮೇಲೆ ಗಾಜಿನಂತಹ ಪದರ ಕಟ್ಟುತ್ತದೆ, ಆಮೇಲೆ ಆಯಿಲ್ ಕುಡಿಯುವುದು ನಿಲ್ಲುವುದೇ ಇಲ್ಲ. ಮಧ್ಯಮ ಭಾರ ಹೊರಿಸಿ, ವೇಗ ಏರಿಳಿಸುತ್ತ ಮೊದಲ ಕೆಲವು ಟ್ರಿಪ್ ಓಡಿಸಿ, ಆಯಿಲ್ ಮತ್ತು ಫಿಲ್ಟರನ್ನು ನಿಗದಿತ ಅವಧಿಗಿಂತ ಮೊದಲೇ ಬದಲಿಸಿ, ಹೆಡ್ ಬೋಲ್ಟ್ ಮತ್ತು ಟ್ಯಾಪೆಟ್‌ಗಳನ್ನು ಕಂಪನಿ ಹೇಳಿದಂತೆ ಇನ್ನೊಮ್ಮೆ ಪರೀಕ್ಷಿಸಬೇಕು. ತೆಗೆದ ಆ ಮೊದಲ ಫಿಲ್ಟರನ್ನು ಎಸೆಯುವ ಮುನ್ನ ಕತ್ತರಿಸಿ ನೋಡುವುದನ್ನು ಮಾತ್ರ ಮರೆಯಬಾರದು.